ಎರಡು ಸಹಿಯ ಶೇರು

ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಬೈಲಹೊಂಗಲದ ಪೇಟೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಇದು. ಯಾರಿಗೂ ಅನ್ಯಾಯವಾಗಬಾರದೆಂದು ಯಾರೋ ಬುದ್ಧಿವಂತರು ಮಾಡಿಟ್ಟದ್ದು. ಆದರೆ ಬೇರೆಯಾಗಲು ಮನಸ್ಸೇ ಇಲ್ಲದವರು ಏನು ಮಾಡಬೇಕೆಂದು ಆ ಬುದ್ಧಿವಂತರು ಹೇಳಿಹೋಗಲಿಲ್ಲ.

ಇಮಾಮಹುಸೇನ ಮತ್ತು ಅವನ ತಮ್ಮ ಮುಜಫ್ಫರ ಪೇಟೆಯಲ್ಲಿ ಆಟಿಕೆ ಅಂಗಡಿ ಇಟ್ಟಿದ್ದರು. ೧೯೯೪ರಲ್ಲಿ ತಮ್ಮ, ಅಣ್ಣನನ್ನು ಒಂದು ಮಾತೂ ಕೇಳದೆ, ಕೀಲಿ ಕೊಟ್ಟರೆ ತಾಳ ಬಡಿಯುವ ಮಂಗಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದ. ಮಂಗಗಳು ಕಪಾಟಿನಲ್ಲಿ ಹಲ್ಲು ಕಿರಿಯುತ್ತ ಕುಳಿತವೇ ಹೊರತು ಒಂದೂ ಮಾರಾಟವಾಗಲಿಲ್ಲ. ಸಿಟ್ಟಿನ ಭರದಲ್ಲಿ ಇಮಾಮಹುಸೇನ, "ಹಿಂಗಾದ್ರ ಬ್ಯಾರೆ ಆಗೂದ ಚಲೋ" ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿರಿಯರು ಕೂಡಿದರು. ಬೈಲಹೊಂಗಲದ ಅಂಗಡಿಯನ್ನು ಇಮಾಮಹುಸೇನ ಒಂದು ಪಾಲು ಮಾಡಿದ. ರಾಮದುರ್ಗದಲ್ಲಿ ಹೊಸ ಅಂಗಡಿ ಹಚ್ಚುವಷ್ಟು ಮಾಲು ಮತ್ತು ರೊಕ್ಕವನ್ನು ಇನ್ನೊಂದು ಪಾಲು ಮಾಡಿದ. "ಎರಡೂ ಬ್ಯಾಡ್ರಿ ಭಾಯಿ, ಕೂಡೇ ಇರೂಣು" ಎಂದು ತಮ್ಮ ಹೇಳಿಯಾನೆಂದು ಕಾದ. ತಮ್ಮ ನೆಲ ನೋಡುತ್ತ, "ರಾಮದುರ್ಗ" ಎಂದ.

ಗಲ್ಲಾಪೆಟ್ಟಿಗೆ, ಕಪಾಟು, ಮಂಗ ಎಲ್ಲ ಪಾಲಾದವು. ಆಗದೆ ಉಳಿದದ್ದು ಒಂದೇ ಕಾಗದ. ಶೇರಿನ ಹುಚ್ಚು ಊರೂರಿಗೆ ಹಬ್ಬಿದ್ದ ೧೯೯೨ರಲ್ಲಿ, ತಮಗೆ ಮಾಲು ಕಳಿಸುವ ಪುಣೆಯ ಆಟಿಕೆ ಕಂಪನಿಯ ನೂರು ಶೇರುಗಳನ್ನು ಅವರು ಜಂಟಿ ಹೆಸರಿನಲ್ಲಿ ಕೊಂಡಿದ್ದರು. ಹತ್ತು ರೂಪಾಯಿಗೆ ಒಂದು. ಆ ಕಾಗದ ಅಣ್ಣನ ಟ್ರಂಕಿನಲ್ಲೇ ಉಳಿಯಿತು.

ಬೇರೆಯಾದ ನಾಲ್ಕು ವರ್ಷದ ಮೇಲೆ ಇಮಾಮಹುಸೇನನ ಹೆಂಡತಿ ಜುಬೇದಾಬಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಮುಜಫ್ಫರ ಮಣ್ಣಿಗೆ ಬಂದ, ಅತ್ತ, ಸಂಜೆಯ ಬಸ್ಸಿಗೆ ಹೋದ. "ಇರು" ಎಂದು ಇವನು ಅನ್ನಲಿಲ್ಲ, "ಇರತೇನಿ" ಎಂದು ಅವನೂ ಅನ್ನಲಿಲ್ಲ. ಹಗಲೆಲ್ಲ ಊರ ಮಕ್ಕಳ ಗದ್ದಲದಲ್ಲಿ ಕೂಡುವ ಇಮಾಮಹುಸೇನನಿಗೆ ಅಂಗಡಿ ಮುಚ್ಚಿದ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಮಾರಾಟವಾಗದ ಮಂಗವೊಂದನ್ನು ಮನೆಗೆ ತಂದಿಟ್ಟುಕೊಂಡ. ಊಟಕ್ಕೆ ಕುಳಿತಾಗ ಕೀಲಿ ಕೊಟ್ಟು ತಾಟಿನ ಎದುರಿಗೆ ಇಡುತ್ತಿದ್ದ. ಅದು ತಾಳ ಬಡಿಯುವಷ್ಟು ಹೊತ್ತು ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು.

೨೦೦೦ರಲ್ಲಿ ಕಂಪನಿಯಿಂದ ಪತ್ರ ಬಂತು. ಹತ್ತು ರೂಪಾಯಿಯ ಶೇರನ್ನು ಐದೈದರ ಎರಡು ಶೇರಾಗಿ ಒಡೆಯುತ್ತೇವೆ, ಹಳೆಯ ಕಾಗದ ಕಳಿಸಿ ಹೊಸದು ಪಡೆಯಿರಿ ಎಂದು ಅದರ ಸಾರಾಂಶ. ವಿಮೆ, ಅಂಚೆ ಉಳಿತಾಯ, ಶೇರು ಎಲ್ಲಕ್ಕೂ ಊರಿಗೊಬ್ಬನೇ ಏಜೆಂಟನಾಗಿದ್ದ ಸಂಗಪ್ಪನ ಬಳಿ ಇಮಾಮಹುಸೇನ ಹೋದ.

"ಕಂಪನಿ ಮಾಲಕರೂ ಅಣ್ಣತಮ್ಮರು ಬ್ಯಾರೆ ಆದ್ರೇನ್ರಿ?" ಎಂದು ಅಳುಕುತ್ತ ಕೇಳಿದ.

ಸಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ರಿ ಇಮಾಮಸಾಬ್ರ. ಒಂದ ರೊಟ್ಟಿ ಎರಡ ತುಂಡ ಮಾಡಿದಂಗ. ತುಂಡ ಹೆಚ್ಚಾದ್ವು, ರೊಟ್ಟಿ ಅಷ್ಟ. ಆದ್ರ ಇದಕ್ಕ ಇಬ್ಬರದೂ ಸಹಿ ಬೇಕ್ರಿ."

ಕರೆಯದೆ ಹೋಗುವುದು ಹೇಗೆ ಎಂದು ಆರು ವರ್ಷ ಬಿಗಿದುಕೊಂಡು ಕೂತವನಿಗೆ ಕಂಪನಿಯೇ ನೆವ ಕೊಟ್ಟಿತು. ಮರುದಿನ ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಸೇರಿದ. ಬಾಯಿ ಬಿಟ್ಟು ಆಡಿದ್ದು ಕಾಗದದ ವಿಷಯ ಮಾತ್ರ. ಮುಜಫ್ಫರನ ಹೆಂಡತಿ ನಿಲೋಫರ್ ಬಿಸಿ ರೊಟ್ಟಿ, ಮಟನ್ ಸಾರು ಮಾಡಿ ಬಡಿಸಿದಳು. ಮುಜಫ್ಫರ ಸಹಿ ಮಾಡಿದ. ತಿಂಗಳೊಪ್ಪತ್ತಿನಲ್ಲಿ ಕಾಗದ ತಿರುಗಿ ಬಂತು, ಎರಡನೆಯವರ ಸಹಿ ಮೊದಲಿನ ಸಹಿಗೆ ಹೊಂದುವುದಿಲ್ಲ ಎಂದು. ಇಮಾಮಹುಸೇನ ಬೈದುಕೊಳ್ಳುತ್ತ ಮತ್ತೆ ಹೋದ. ಬೈಗುಳ ಬಾಯಲ್ಲಿ ಇತ್ತು, ಕೈಯಲ್ಲಿ ತಮ್ಮನಿಗೆ ಇಷ್ಟವಾದ ಶೇವುಚೂಡಾದ ಪೊಟ್ಟಣ ಇತ್ತು. ಆ ಸಲ ಕೆಲಸ ಆಯಿತು. ಆಮೇಲೆ ಐದು ವರ್ಷ ಯಾರಿಗೂ ಯಾರೂ ಬೇಕಾಗಲಿಲ್ಲ, ಅಂದರೆ ಬೇಕು ಎಂದು ಯಾರೂ ಹೇಳಲಿಲ್ಲ.

೨೦೦೫ರಲ್ಲಿ ಕಂಪನಿ ಮತ್ತೆ ಒಡೆಯಿತು. ಐದರ ಒಂದು ಶೇರು, ಒಂದೊಂದರ ಐದಾಗಬೇಕು.

"ದೈವ ಚಲೋ ಐತ್ರಿ ನಿಮ್ಮದು" ಎಂದು ಸಂಗಪ್ಪ ಹುರುಪಿನಿಂದ ಲೆಕ್ಕ ಹೇಳಿದ. "ನೂರು ಹೋಗಿ ಇನ್ನೂರು, ಇನ್ನೂರು ಹೋಗಿ ಸಾವಿರ. ಅಂದು ಹಾಕಿದ್ದು ಸಾವಿರ ರೂಪಾಯಿ, ಇಂದಿನ ಧಾರಣಿ ಒಂದೂವರಿ ಲಕ್ಷರಿ. ಸುಮ್ನ ಕುಂತವರಿಗೇ ಶೇರು ಕೊಡೂದು. ಈಗ ಇಬ್ಬರೂ ಸಹಿ ಹಾಕ್ರಿ. ಮುಂದ ಎಲ್ಲಾ ಡಿಮ್ಯಾಟ್‌ಗೆ ಹಾಕಿ ಮಾರಿ ಅರ್ಧ ಅರ್ಧ ತಗೊಂಡ್ರ ಮುಗೀತು. ಮತ್ತ ರಾಮದುರ್ಗಕ್ಕ ಅಡ್ಡಾಡೂ ಕೆಲಸ ಇಲ್ಲ."

ಒಂದೂವರೆ ಲಕ್ಷ ಇಮಾಮಹುಸೇನನ ಕಿವಿಗೆ ಬೀಳಲಿಲ್ಲ. ಕೊನೆಯ ಮಾತು ಮಾತ್ರ ಎದೆಗೆ ಕಲ್ಲಿನ ಹಾಗೆ ಬಿತ್ತು.

ಮೊದಲ ಸಲ ತಮ್ಮ ಸಹಿ ಹಾಕಿಕೊಟ್ಟ ಕಾಗದ, ಸಹಿ ಹೊಂದುವುದಿಲ್ಲ ಎಂದು ತಿರುಗಿ ಬಂತು. ಎರಡನೆಯದೂ ಬಂತು. ಮೂರನೆಯ ಸಲ ಇಮಾಮಹುಸೇನ ರಾಮದುರ್ಗದ ಅಂಗಡಿ ಮುಟ್ಟಿದಾಗ ಲಾರಿ ಆಫೀಸಿನವನು ಮಾಲಿನ ಪೆಟ್ಟಿಗೆ ಇಳಿಸುತ್ತಿದ್ದ. ಮುಜಫ್ಫರ ಅಣ್ಣನಿಗೆ ಬೆನ್ನು ಮಾಡಿ ನಿಂತು ರಸೀದಿಗೆ ಸಹಿ ಹಾಕಿದ. ಇಮಾಮಹುಸೇನ ಹೆಗಲ ಮೇಲಿಂದ ನೋಡಿದ. ೧೯೯೨ರ ಅದೇ ಸಹಿ. ಅದೇ ಉದ್ದ ಬಾಲ, ಬಾಲದ ಕೆಳಗೆ ಅವೇ ಎರಡು ಚುಕ್ಕಿ. ಕೂದಲೆಳೆಯಷ್ಟೂ ಫರಕು ಇರಲಿಲ್ಲ.

ಅವನ ನೆತ್ತಿಗೆ ಸಿಟ್ಟೇರಿತು. ಈ ಮೊಣಕಾಲು ನೋವಿನಲ್ಲಿ ಬಸ್ಸು ಹತ್ತಿಳಿದು ಬಂದರೆ ಇವನು ನನ್ನನ್ನು ಮಂಗನಂತೆ ಆಡಿಸುತ್ತಿದ್ದಾನೆಯೇ? ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಬಂದ ನಿಲೋಫರ್ ನಕ್ಕಳು.

"ಬಂದ್ರ್ಯಾ ಭಾಯಿಜಾನ್? ಹ್ವಾದ ವಾರದಿಂದ ಸವದತ್ತಿ ಬಸ್ಸ ಬರೂ ಹೊತ್ತಿಗೆ ಇವರು ಬಾಗಲದಾಗ ನಿಂದರಾಕ ಹತ್ತ್ಯಾರ್ರಿ. ದಿನಾ ನಿಮ್ಮದೊಂದು ಪಾವ ಹಿಟ್ಟು ಹೆಚ್ಚಿಗಿ ನಾದಸತಾರ."

ಇಮಾಮಹುಸೇನ ತೆರೆದ ಬಾಯಿ ಮುಚ್ಚಿದ. ಹನ್ನೊಂದು ವರ್ಷದ ಹಿಂದೆ ಹಿರಿಯರ ನಡುವೆ ನೆಲ ನೋಡುತ್ತ ಕುಳಿತ ಹುಡುಗ ಅವನ ಕಣ್ಣಿಗೆ ಕಟ್ಟಿದ. ಕೂಡೇ ಇರೋಣ ಎಂಬ ಮಾತು ಅವನ ಬಾಯಿಂದ ಬರಲೆಂದು ನಾನು ಕಾದೆ, ಅವನು ನನ್ನ ಬಾಯಿಂದ ಬರಲೆಂದು ಕಾದ. ಇಮಾಮಹುಸೇನನಿಗೆ ದುಃಖ ಉಕ್ಕಿ ಬಂತು.

ಊಟವಾಯಿತು. ಮುಜಫ್ಫರ ಕಂಪನಿಯ ಕಾಗದವನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಪೆನ್ನು ಹಿಡಿದು ಕುಳಿತ. ಆಮೇಲೆ ಸಹಿ ಹಾಕಿದ. ಬಾಲ ಮೊಂಡಾಗಿತ್ತು, ಚುಕ್ಕಿ ಒಂದೇ ಇತ್ತು.

"ಈ ಸರ್ತಿ ಬರೋಬ್ಬರಿ ಐತಿ ಅಲ್ರಿ ಭಾಯಿ?" ಎಂದ, ತಲೆ ಎತ್ತದೆ.

ಇಮಾಮಹುಸೇನ ಕನ್ನಡಕ ಹಾಕಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಬರೋಬ್ಬರಿ ಐತಿ, ಮುಜ್ಜು" ಎಂದ. ಹನ್ನೊಂದು ವರ್ಷದಲ್ಲಿ ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮರುದಿನ ಸಂಗಪ್ಪ ಕಾಗದ ನೋಡಿ ಹಣೆ ಬಡಿದುಕೊಂಡ. "ಮತ್ತ ತಪ್ಪು! ಇದನ್ನ ಕಳಿಸಿ ಉಪಯೋಗ ಇಲ್ರಿ, ಇಮಾಮಸಾಬ್ರ. ತಿರುಗಿ ಬರತೈತಿ."

"ಕಳಸ್ರಿ."

"ಅಲ್ರಿ, ತಿರುಗಿ ಬರತೈತಿ ಅಂತ ಹೇಳಾಕ ಹತ್ತೇನಿ."

"ಬರಲಿ ಬಿಡ್ರಿ" ಎಂದು ಇಮಾಮಹುಸೇನ ಎದ್ದ. "ಅದು ಬಂದ್ರನ ನನಗ ಹೋಗಾಕ ಬರತೈತಿ."