ಕನ್ನಡಿಯಲ್ಲಿ ಒಂದು ಬೆರಳು

ನನ್ನ ಗಂಡ ನೆವಿಲ್ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಸಂದರ್ಭ ಬರದೇ ಹೋಗಬಹುದು.

ಊರಿಗೆ ನೀರು ಬಿಡುವ ಕಚೇರಿಯಿಂದ ನಿವೃತ್ತನಾಗಿ ಇನ್ನೂ ಬೀಳ್ಕೊಡುಗೆಯ ಕೇಕು ಮುಗಿದಿರಲಿಲ್ಲ, ಅವನಿಗೆ ಜ್ಞಾನೋದಯವಾಯಿತು. ನಮ್ಮೂರು ವೊಂಥಾಗಿಯಲ್ಲಿರುವ ಮನೆಯನ್ನು ಮಾರುವುದು, ಹಾಸಿಗೆ, ಒಲೆ, ಸಂಡಾಸು ಎಲ್ಲ ಒಳಗೇ ಇರುವ ಉದ್ದನೆಯ ಕ್ಯಾಂಪರ್‌ವ್ಯಾನಿನಲ್ಲಿ ಸಂಸಾರ ಹೂಡುವುದು, ಸಾಯುವ ತನಕ ಕರಾವಳಿ ಸುತ್ತುತ್ತಲೇ ಇರುವುದು. ವ್ಯಾನನ್ನು ನನ್ನನ್ನು ಕೇಳದೆಯೇ ತಂದು ಅಂಗಳದಲ್ಲಿ ನಿಲ್ಲಿಸಿದ. ಮನೆಯ ವಿಷಯ ಮಾತ್ರ ಬಹಳ ವಿನಯದಿಂದ ಕೇಳಿದ. ಮನೆ ಮಾರಲು ನನ್ನ ಸಹಿಯೂ ಬೇಕಿತ್ತು.

"ನಾನು ಈ ಮನೇಲೇ ಸಾಯ್ತೀನಿ," ಎಂದೆ.

"ಸಾಯೋಕೆ ಇಷ್ಟು ದೊಡ್ಡ ಮನೆ ಯಾಕೆ ರೇಲೀನ್?" ಎಂದ.

ಆ ಮನೆ ದೊಡ್ಡದೇನಲ್ಲ. ಹಿತ್ತಿಲಲ್ಲಿ ಒಂದು ನಿಂಬೆ ಗಿಡ, ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳು ಟೀಗನ್ ವರ್ಷವರ್ಷ ಎಷ್ಟೆತ್ತರ ಬೆಳೆದಳೆಂದು ಗೀಚಿದ ಗೆರೆಗಳು, ಬೆಳಗಿನ ಚಹಾಕ್ಕೆ ಬಿಸಿಲು ಬೀಳುವ ಒಂದು ಮೂಲೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ನೆವಿಲ್‌ಗೆ ಅದೆಲ್ಲ ಕಾಣುತ್ತಿರಲಿಲ್ಲ. ಅವನಿಗೆ ಆಗ ಸಮುದ್ರ ಕಾಣುತ್ತಿತ್ತು.

ಟೀಗನ್ ಮನೆಯಲ್ಲಿ ಭಾನುವಾರದ ಬಾರ್ಬೆಕ್ಯೂ ಇತ್ತು. ಸಾಸೇಜು ಮಗುಚುವ ಇಕ್ಕಳ ಕೈಗೆ ಬಂದರೆ ನಮ್ಮ ಕಡೆಯ ಗಂಡಸರಿಗೆ ಪಾರ್ಲಿಮೆಂಟಿನಲ್ಲಿ ನಿಂತ ಹಾಗಾಗುತ್ತದೆ. ನೆವಿಲ್ ಇಕ್ಕಳ ಎತ್ತಿ ಹಿಡಿದು ಎಲ್ಲರೆದುರು ಸಾರಿದ: "ಕೇಳ್ರಪ್ಪಾ, ಕರಾವಳಿ ಹಿಡಿದು ಉತ್ತರಕ್ಕೆ ಯಾಂಬಾ ತನಕ ಹೋಗಿ ಬರ್ತೀವಿ. ದಾರೀಲಿ ವ್ಯಾನಿಗೆ ಒಂದೇ ಒಂದು ಗೀರು ಬೀಳ್ಲಿ, ಮನೆ ಮಾರೋ ಮಾತೇ ಎತ್ತಲ್ಲ. ಬೀಳ್ಲಿಲ್ವೋ, ಬಂದ ದಿನಾನೇ ಇವಳು ಸಹಿ ಹಾಕ್ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಒಪ್ಪಿದೆ. ಅವನು ಗಾಡಿಯನ್ನು ಹಿಂದಕ್ಕೆ ತೆಗೆಯುವ ಚಂದ ನನಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಮದುವೆಯಾದಾಗಿನಿಂದ ಮೊಣಕಾಲು ಕೈಕೊಡುವ ತನಕ ನಾನು ನಮ್ಮೂರಿನ ಶಾಲಾ ಬಸ್ಸು ಓಡಿಸಿದವಳು. ಹಿಂದೆ ಮಕ್ಕಳು ಕಿರುಚುತ್ತಿರುವಾಗ, ಮುಂದೆ ಕುರಿ ಮಂದೆ ಅಡ್ಡ ನಿಂತಿರುವಾಗ, ಮಂಜಿನಲ್ಲಿ, ಕೆಸರಿನಲ್ಲಿ ಓಡಿಸಿದ್ದೇನೆ. ಆ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಆದರೆ ನೆವಿಲ್‌ನ ವ್ಯಾನಿನ ಸ್ಟೀರಿಂಗ್ ಮುಟ್ಟಲು ನನಗೆ ಯೋಗ್ಯತೆಯಿರಲಿಲ್ಲ.

"ಬಸ್ಸು ಬೇರೆ, ವ್ಯಾನು ಬೇರೆ," ಎನ್ನುತ್ತಿದ್ದ. ಹೌದು, ಬಸ್ಸು ದೊಡ್ಡದು.

ಹೀಗೆ ಹೊರಟೆವು. ದಾರಿಯಲ್ಲಿ ಎದುರಾಗುವ ಪ್ರತಿ ವ್ಯಾನಿಗೂ ನೆವಿಲ್ ಸ್ಟೀರಿಂಗ್ ಚಕ್ರದಿಂದ ತೋರುಬೆರಳೊಂದನ್ನೇ ಮೇಲೆತ್ತುತ್ತಿದ್ದ. ಕೈ ಬೀಸಿದರೆ ಅತಿಯಾಯಿತು, ಸುಮ್ಮನೆ ಹೋದರೆ ಸೊಕ್ಕು. ಒಂದು ಬೆರಳೆಂದರೆ, ನಿನ್ನನ್ನು ನೋಡಿದೆ ಮಾರಾಯ, ನಾವಿಬ್ಬರೂ ಒಂದೇ ಜಾತಿ ಎಂದರ್ಥ. ಎದುರಿನವನು ಬೆರಳೆತ್ತದಿದ್ದರೆ ಮುಂದಿನ ಪೆಟ್ರೋಲ್ ಬಂಕ್ ಬರುವವರೆಗೂ ಮುಖ ಊದಿಸಿಕೊಂಡಿರುತ್ತಿದ್ದ. ಇಡೀ ಪೂರ್ವ ಕರಾವಳಿಗೆ ಬೆರಳೆತ್ತಿದ ಮನುಷ್ಯ. ಪಕ್ಕದ ಸೀಟಿನಲ್ಲಿದ್ದವಳು ಅವನ ಕಣ್ಣಿಗೆ ಬೀಳುತ್ತಿದ್ದದ್ದು ಸ್ಯಾಂಡ್‌ವಿಚ್ ಬೇಕಾದಾಗ. ಸಂಡಾಸಿನ ಪೆಟ್ಟಿಗೆ ತುಂಬಿದಾಗಲೂ ನೆನಪಾಗುತ್ತಿದ್ದೆ. ಅದನ್ನು ಹೊತ್ತೊಯ್ದು ಖಾಲಿ ಮಾಡಬೇಕಾದ ದಿನವೇ ಅವನ ಬೆನ್ನು ಹಿಡಿದುಕೊಳ್ಳುತ್ತಿತ್ತು.

ಇನ್ನು ಸಂಜೆಯ ನಾಟಕ. ಇಂಥ ವ್ಯಾನುಗಳು ರಾತ್ರಿ ತಂಗುವ ಕ್ಯಾರವಾನ್ ಪಾರ್ಕುಗಳಲ್ಲಿ ಇಳಿಹೊತ್ತಿಗೆ ಎಲ್ಲರೂ ಮಡಚುವ ಕುರ್ಚಿ ಹಿಡಿದು ಹೊರಗೆ ಬರುತ್ತಾರೆ. ಕೈಯಲ್ಲಿ ಬಿಯರ್ ಅಥವಾ ಡಬ್ಬದ ವೈನ್. ಸೂರ್ಯಾಸ್ತ ನೋಡಲು ಎಂದು ಹೆಸರು, ಕುರ್ಚಿಗಳು ಮಾತ್ರ ಗೇಟಿನ ಕಡೆ ತಿರುಗಿರುತ್ತವೆ. ಹೊಸದಾಗಿ ಬಂದ ಜೋಡಿ ತಮ್ಮ ಗಾಡಿಯನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸುವುದನ್ನು ನೋಡಬೇಕು. ಗಂಡ ಸ್ಟೀರಿಂಗ್ ಹಿಂದೆ, ಹೆಂಡತಿ ಗಾಡಿಯ ಹಿಂದೆ ಕೈ ಆಡಿಸುತ್ತಾ. ಯಾರೂ ನೋಡುತ್ತಿಲ್ಲ ಎಂಬಂತೆ ಎಲ್ಲರೂ ನೋಡುತ್ತಾರೆ. ಆ ಮದುವೆ ಎಷ್ಟು ದಿನ ಬಾಳುತ್ತದೆ ಎಂದು ಅಲ್ಲೇ ತೀರ್ಪು ಕೊಡುತ್ತಾರೆ. ನಮ್ಮ ವ್ಯಾನಿನ ಹಿಂಬದಿಯಲ್ಲಿ ಕ್ಯಾಮೆರಾ ಇತ್ತು. ನೆವಿಲ್ ಅದಕ್ಕೆ ಕಪ್ಪು ಟೇಪು ಅಂಟಿಸಿದ್ದ. ಅದೆಲ್ಲ ಓಡಿಸಲು ಬಾರದವರಿಗಂತೆ.

ಹೀಗಾಗಿ ನನ್ನ ಪರಿಸ್ಥಿತಿ ನೋಡಿ. ವ್ಯಾನಿಗೆ ಗೀರು ಬಿದ್ದರೆ ನನ್ನ ಮನೆ ಉಳಿಯುತ್ತದೆ. ಗೀರು ಬೀಳದಂತೆ ಕಾಯುವವಳು ನಾನೇ. ನಾನು ಮಾಡಬೇಕಾಗಿದ್ದದ್ದು ಏನೂ ಇಲ್ಲ, ಒಂದು ಸಂಜೆ, ನಿಲ್ಲಿಸು ಎಂದು ಕೈ ಎತ್ತದೆ ಸುಮ್ಮನೆ ನಿಂತರಾಯಿತು. ಲೇಕ್ಸ್ ಎಂಟ್ರೆನ್ಸ್‌ನಲ್ಲಿ ನಲ್ಲಿಕಂಬಕ್ಕೆ ಗುದ್ದಲಿ ಎಂದುಕೊಂಡೆ. ನರೂಮದಲ್ಲಿ ಮರಕ್ಕೆ. ಉಲ್ಲಡುಲ್ಲಾದಲ್ಲಿ ಯಾರದೋ ಬಾರ್ಬೆಕ್ಯೂ ಒಲೆಗೇ ಹೋಗುತ್ತಿದ್ದ, ಒಳ್ಳೆಯ ಅವಕಾಶ. ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ನನ್ನ ಹಾಳು ಕೈ ತಾನೇ ಮೇಲೆದ್ದಿತು. ಬಸ್ಸಿನವಳ ಕೈ, ಏನು ಮಾಡುವುದು. ಯಾಂಬಾ ತಲುಪುವ ಹೊತ್ತಿಗೆ ವ್ಯಾನು ಅಂಗಡಿಯಿಂದ ತಂದಷ್ಟು ಹೊಸದಾಗಿತ್ತು.

ಯಾಂಬಾದಲ್ಲಿ ನಮ್ಮ ಪಕ್ಕದಲ್ಲಿ ಇದ್ದವರು ಡಂಕನ್ ಮತ್ತು ಜೋಯ್ಸ್. ಹಾರ್ಷಮ್‌ನ ಮನೆ ಮಾರಿ ವರ್ಷಗಳಿಂದ ರಸ್ತೆಯಲ್ಲೇ ಇರುವವರು. ನೆವಿಲ್‌ಗೆ ದೇವರೇ ಪ್ರತ್ಯಕ್ಷವಾದಂತಾಯಿತು. ಡಂಕನ್‌ನ ಪಕ್ಕ ಕುರ್ಚಿ ಹಾಕಿಕೊಂಡು ಟಯರಿನ ಗಾಳಿಯಿಂದ ಹಿಡಿದು ಗ್ಯಾಸ್ ಸಿಲಿಂಡರಿನ ತನಕ ಪಾಠ ಹೇಳಿಸಿಕೊಂಡ. ನಾನು ಜೋಯ್ಸ್ ಜೊತೆ ಬಟ್ಟೆ ಒಣಗಿಸುವಾಗ ಅವಳ ಕೀಲಿಗೊಂಚಲು ನೋಡಿದೆ. ವ್ಯಾನಿನ ಕೀಲಿಯ ಪಕ್ಕ ಇನ್ನೊಂದು, ಹಳೆಯ ಹಿತ್ತಾಳೆಯದು.

"ಇದ್ಯಾವುದು?" ಎಂದೆ.

"ಮನೇದು. ತಗೊಂಡೋರು ಬೀಗ ಬದಲಾಯಿಸಿರ್ತಾರೆ ಬಿಡು," ಎಂದಳು ಜೋಯ್ಸ್. "ಸುಮ್ನೆ ಇರ್ಲಿ ಅಂತ."

ಹೋಗಿ ನೆವಿಲ್‌ನ ಕಾಲರ್ ಹಿಡಿದು ಆ ಕೀಲಿ ತೋರಿಸಬೇಕೆನಿಸಿತು. ತೋರಿಸಿದ್ದರೂ ಹಿತ್ತಾಳೆ ಉಜ್ಜುವ ಬಗ್ಗೆ ಏನಾದರೂ ಹೇಳುತ್ತಿದ್ದ.

ಆ ಸಂಜೆ ಅವನು ಡಂಕನ್‌ಗೆ ಹೊಸದೊಂದು ಪ್ರಶ್ನೆ ಹಾಕಿದ. "ಅಂದ ಹಾಗೆ, ನಿನ್ನ ಶೆಡ್ಡಿನ ಹತಾರ, ಸಾಮಾನೆಲ್ಲ ಎಲ್ಲಿಟ್ಟಿದ್ದೀಯ?"

ಡಂಕನ್ ಖಾಲಿ ಬಿಯರ್ ಡಬ್ಬವನ್ನು ಹಿಸುಕಿದ. "ಕೊಟ್ಟೆ."

"ಎಲ್ಲಾನೂ?"

"ಸುತ್ತಿಗೆ ಒಂದಿದೆ. ಗೂಟ ಹೊಡೆಯೋಕೆ."

"ಮೇಜಿಗೆ ಬಿಗಿದಿರೋ, ಮರ ಕಚ್ಚಿ ಹಿಡಿಯೋ ವೈಸು?"

"ಅಳಿಯ ತಗೊಂಡ. ಅದರ ಮೇಲೀಗ ಹೂಕುಂಡ ಇಟ್ಟಿದ್ದಾನಂತೆ."

ನೆವಿಲ್ ಬಿಯರ್ ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ.

ಅರ್ಥವಾಯಿತೇ? ಮನೆ ಮಾರಿದರೆ ಅದರ ಹಿಂದಿರುವ ಶೆಡ್ಡೂ ಮಾರಿಹೋಗುತ್ತದೆ ಎಂಬುದು ಈ ಮಹಾನುಭಾವನಿಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ನನ್ನ ನಿಂಬೆ ಗಿಡ ಹೋಗಲಿ, ಮಗಳ ಎತ್ತರದ ಗೆರೆ ಹೋಗಲಿ, ಅದೆಲ್ಲ ಹೆಂಗಸರ ರಗಳೆ. ಶೆಡ್ಡು ಎಂದರೆ ಹಾಗಲ್ಲ. ಮದುವೆಯಾದಾಗಿನಿಂದ ಅವನ ಶನಿವಾರಗಳೆಲ್ಲ ಆ ತಗಡಿನ ಗೂಡಿನಲ್ಲೇ ಕಳೆದಿವೆ. ಅಷ್ಟು ವರ್ಷಗಳ ದುಡಿಮೆಯಿಂದ ಹೊರಬಂದದ್ದು ಒಂದು ಹಕ್ಕಿಗೂಡು. ಅದರಲ್ಲಿ ಇವತ್ತಿಗೂ ಹಕ್ಕಿ ಕೂತಿಲ್ಲ.

ಮನೆಯ ಕಡೆ, ದಕ್ಷಿಣಕ್ಕೆ ತಿರುಗಿದ ಮೇಲೆ ನೆವಿಲ್ ಎದುರಿನ ವ್ಯಾನುಗಳಿಗೆ ಬೆರಳೆತ್ತಲು ಮರೆಯತೊಡಗಿದ. ಒಂದು ಮಧ್ಯಾಹ್ನ ಮಾಂಸ ತುಂಬಿದ ಪೈ ತಿನ್ನುತ್ತಾ ಕೇಳಿದ: "ನಮ್ಮ ಮನೆ ತಗೊಳ್ಳೋರು ಶೆಡ್ಡು ಹಾಗೇ ಇಟ್ಕೋತಾರೆ ಅಲ್ವಾ?"

"ಕೆಡವಿ ಈಜುಕೊಳ ಮಾಡ್ತಾರೆ," ಎಂದೆ.

ಪೈ ಅರ್ಧಕ್ಕೇ ಬಿಟ್ಟ. ನನಗೆ ಪಾಪ ಎನಿಸಿತು, ಆದರೆ ಬಹಳವೇನೂ ಅಲ್ಲ.

ಇನ್ನೇನು ಬಾಯಿ ಬಿಡುತ್ತಾನೆ ಎಂದು ಕಾದೆ. 'ಬೇಡ ರೇಲ್, ಮನೆ ಇಟ್ಕೊಳ್ಳೋಣ', ಇಷ್ಟೇ ತಾನೇ? ಆದರೆ ಬಾರ್ಬೆಕ್ಯೂನಲ್ಲಿ ಇಕ್ಕಳ ಹಿಡಿದು ಸಾರಿದ ಮಾತು. ಊರಿನ ಬೌಲ್ಸ್ ಆಟದ ಕ್ಲಬ್ಬಿನವರು ಬೇರೆ ಪಾರ್ಟಿ ಕೊಟ್ಟು, ಹೆಸರು ಕೊರೆದ ಬಿಯರ್ ಲೋಟ ಕೈಗಿಟ್ಟು ಕಳಿಸಿದ್ದರು. ಈಗ ಮಾತು ಹಿಂದಕ್ಕೆ ತೆಗೆದುಕೊಂಡರೆ ಊರೆಲ್ಲ ಏನಂದುಕೊಳ್ಳುತ್ತದೆ? ಅದಕ್ಕಿಂತ ಶೆಡ್ಡು ಕಳೆದುಕೊಂಡು ಉಳಿದ ಆಯಸ್ಸನ್ನು ರಸ್ತೆಯಲ್ಲಿ ಕಳೆಯುವುದೇ ಸುಲಭ.

ಹೀಗೆ ಈಡನ್ ಬಂತು. ಅದು ಕೊನೆಯ ತಂಗು. ಮರುದಿನ ಮನೆ, ಮನೆಯಲ್ಲಿ ನನ್ನ ಸಹಿ. ತಿಮಿಂಗಿಲ ನೋಡಲೆಂದು ಡಂಕನ್ ಮತ್ತು ಜೋಯ್ಸ್ ನಮಗಿಂತ ಮೊದಲೇ ಬಂದು ಕುರ್ಚಿ ಹಾಕಿ ಕೂತಿದ್ದರು. ತಿಮಿಂಗಿಲಗಳಿಗೆ ಬೆನ್ನು, ಗೇಟಿಗೆ ಮುಖ.

ನಮಗೆ ಸಿಕ್ಕ ಜಾಗದ ಮೂಲೆಯಲ್ಲಿ ಕರೆಂಟಿನ ಗಟ್ಟಿ ಕಂಬ ಒಂದಿತ್ತು. ನಾನು ಇಳಿದು, ಚಾಲಕನ ಕಡೆಯ ಕನ್ನಡಿಯಲ್ಲಿ ಕಾಣುವಂತೆ ಹಿಂದೆ ನಿಂತೆ. ಇವತ್ತು ಕೈ ಎತ್ತಿದರೆ ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ ಎಂದು ನನಗೆ ನಾನೇ ಬೈದುಕೊಂಡೆ. ಕೈಯನ್ನು ಕೋಟಿನ ಜೇಬಿಗೆ ತುರುಕಿದೆ. ವ್ಯಾನು ಹಿಂದಕ್ಕೆ ಬಂತು. ಇನ್ನೂ ಬಂತು. ಕಂಬಕ್ಕೂ ವ್ಯಾನಿಗೂ ನಡುವೆ ಒಂದು ಬೆಕ್ಕು ಮಾತ್ರ ನುಸುಳಬಹುದಾದಷ್ಟು ಜಾಗ ಉಳಿಯಿತು.

ಎರಡೂ ಕೈ ಮೇಲೆದ್ದವು. ನನಗೆ ಅಳುವೇ ಬಂತು. ಅಷ್ಟೆತ್ತರಕ್ಕೆ ಕೈ ಎತ್ತಿಕೊಂಡೇ, ಹೋಯಿತಲ್ಲ ನನ್ನ ಮನೆ ಎಂದುಕೊಂಡೆ.

ವ್ಯಾನು ನಿಂತಿತು. ಕನ್ನಡಿಯಲ್ಲಿ ನೆವಿಲ್‌ನ ಮುಖ ಕಂಡಿತು. ಅವನು ನನ್ನನ್ನೇ, ನನ್ನ ಎರಡೂ ಕೈಗಳನ್ನೇ ನೋಡುತ್ತಿದ್ದ. ಆಮೇಲೆ ಸ್ಟೀರಿಂಗ್ ಮೇಲಿನಿಂದ ಅವನ ತೋರುಬೆರಳು ಎದ್ದಿತು, ಒಂದೇ ಬೆರಳು. ಮರುಕ್ಷಣ ವ್ಯಾನು ಹಿಂದಕ್ಕೆ ಬಂದು ಕಂಬಕ್ಕೆ ಗುದ್ದಿತು.

ಹಿಂದಿನ ದೀಪ ಪುಡಿಯಾಯಿತು, ತಗಡು ಒಳಗೆ ಹೋಯಿತು. ಕುರ್ಚಿಗಳಲ್ಲಿ ಕೂತವರೆಲ್ಲ ಒಟ್ಟಿಗೆ ಲೊಚಗುಟ್ಟಿದರು. ನೆವಿಲ್ ಇಳಿದು ಬಂದು, ಸೊಂಟಕ್ಕೆ ಕೈಯಿಟ್ಟು ನೋಡಿದ. ಹಲ್ಲುನೋವು ವಾಸಿಯಾದವನ ಮುಖ ಹಾಗಿರುತ್ತದೆ.

"ಕಾಣ್ಲೇ ಇಲ್ಲ ನಂಗೆ," ಎಂದ, ಎಲ್ಲರಿಗೂ ಕೇಳುವ ಹಾಗೆ.

ಡಂಕನ್ ಕುರ್ಚಿಯಿಂದಲೇ ಕೂಗಿದ: "ಏನ್ ಮಾರಾಯ ನೀನು, ಎರಡೂ ಕೈ ಎತ್ತಿ ನಿಂತಿದ್ಲಲ್ಲ. ಇಲ್ಲಿಂದ ನಮಗೇ ಕಾಣ್ತಿತ್ತು."

ನೆವಿಲ್‌ನ ಕಿವಿ ಕೆಂಪಾಯಿತು. ಅವನು ಕಂಡೂ ಗುದ್ದಿದನೆಂದಾದರೆ ಪಂದ್ಯ ಮುರಿದುಬೀಳುತ್ತದೆ. ಆಗ ಶೆಡ್ಡಿನ ಕಥೆಯನ್ನು ಇಷ್ಟು ಜನರ ಮುಂದೆ ಹೇಳಬೇಕು. ಅದಕ್ಕಿಂತ ಅವನು ಸಮುದ್ರಕ್ಕೆ ಹಾರುತ್ತಿದ್ದ. ನನ್ನ ಕಡೆ ನೋಡಿದ. ಇಡೀ ಪ್ರವಾಸದಲ್ಲಿ ಸ್ಯಾಂಡ್‌ವಿಚ್ ಬೇಕಿಲ್ಲದೆ ನನ್ನನ್ನು ನೋಡಿದ್ದು ಅದೇ ಮೊದಲು.

ಗೀರಿಲ್ಲದ ನನ್ನ ಬಸ್ಸು ಕಣ್ಣೆದುರು ಬಂತು. ನನ್ನ ಜೀವನದಲ್ಲಿ ಹೆಮ್ಮೆ ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

"ಅವನದೇನೂ ತಪ್ಪಿಲ್ಲ ಡಂಕನ್," ಎಂದೆ. "ನಾನೇ ತಡವಾಗಿ ಕೈ ಎತ್ತಿದೆ."

"ನೀನು ಬಸ್ ಓಡಿಸ್ತಿದ್ದೆ ಅಂದಿದ್ಯಲ್ಲ?" ಎಂದಳು ಜೋಯ್ಸ್.

"ಹೂಂ," ಎಂದೆ. "ಸಣ್ಣ ಬಸ್ಸು."

ಅಷ್ಟು ದೊಡ್ಡ ಸುಳ್ಳನ್ನು ನಾನು ಬದುಕಿನಲ್ಲಿ ಹೇಳಿರಲಿಲ್ಲ. ಜೋಯ್ಸ್ ಹತ್ತಿರ ವೈನ್ ಕೇಳಿ ಇಸಿದುಕೊಂಡೆ. ಮುಂದಿನ ಸಂಜೆಯೊಳಗೆ ಕರಾವಳಿಯ ಪಾರ್ಕುಗಳಿಗೆಲ್ಲ ಸುದ್ದಿ ಹೋಗುತ್ತದೆ, ವೊಂಥಾಗಿಯ ರೇಲೀನ್‌ಗೆ ಕೈ ಆಡಿಸಲೂ ಬರುವುದಿಲ್ಲವೆಂದು. ಹೋಗಲಿ.

ಮರುದಿನ ಬೆಳಿಗ್ಗೆ ಒಡೆದ ದೀಪಕ್ಕೆ ಕೆಂಪು ಪ್ಲಾಸ್ಟಿಕ್ ಸುತ್ತಿ, ನೆವಿಲ್ ಎಡಗಡೆಯ ಸೀಟಿಗೆ ಹತ್ತಿ ಕೂತ. ಕೀಲಿ ಚಾಲಕನ ಸೀಟಿನ ಮೇಲಿತ್ತು. ನಾನು ಹತ್ತಿ, ಕನ್ನಡಿ ಸರಿಪಡಿಸಿಕೊಂಡು ಹೊರಟೆ. ರಾಜ್ಯದ ಗಡಿ ದಾಟಿದೆವು, ಕಾಡು ಶುರುವಾಯಿತು.

"ಬಸ್ಸನ್ನ ಯಾವತ್ತಾದ್ರೂ ಎಲ್ಲಾದ್ರೂ ತಾಗಿಸಿದ್ಯಾ?" ಎಂದು ಕೇಳಿದ, ಕಿಟಕಿಯ ಕಡೆ ಮುಖ ಮಾಡಿಕೊಂಡು.

"ಇಲ್ಲ."

"ಹಾಗಾದ್ರೆ ನಿನ್ನೆದೇ ಮೊದಲನೇದು."

"ಹೌದು," ಎಂದೆ. "ನಿನ್ನೆದೇ ಮೊದಲನೇದು."

ಎದುರಿನಿಂದ ಯಾವ ವ್ಯಾನೂ ಬರುತ್ತಿರಲಿಲ್ಲ. ರಸ್ತೆಯುದ್ದಕ್ಕೂ ನಾವಿಬ್ಬರೇ. ಮೊಣಕಾಲ ಮೇಲಿಟ್ಟಿದ್ದ ಅವನ ಕೈಯ ತೋರುಬೆರಳು ಮೆಲ್ಲಗೆ ಮೇಲೆದ್ದಿತು. ನಾನೂ ಸ್ಟೀರಿಂಗ್‌ನಿಂದ ಒಂದು ಬೆರಳೆತ್ತಿದೆ.