ಒಂದೂವರೆ ಸುತ್ತು

ಹನಿ ಬೀಳುತ್ತಿದೆ, ಒಂದು, ಮತ್ತೊಂದು, ನರ್ಸಮ್ಮ ಬಂದು ಸಲೈನ್ ಪೈಪಿನ ಪುಟ್ಟ ಚಕ್ರ ತಿರುವಿದಳು, ನಿಂತಿತು, ಅಷ್ಟೇ, ಅಷ್ಟು ತಿರುವಿದ್ದರೆ ಅಲ್ಲೂ ಸಾಕಾಗಿತ್ತು — ಮೆಕ್ಯಾನಿಕ್ ಗುರುಪಾದಯ್ಯ ಗೋಡೆಯತ್ತ ಮುಖ ತಿರುಗಿಸಿದ, ಕಿಸೆಯಲ್ಲಿ ಬೋಲ್ಟು ಬಿಗಿಯುವ ಪಾನಾ ತೊಡೆಗೆ ಒತ್ತುತ್ತಿದೆ, ಮಂಚದ ಮೇಲೆ ರೋಡ್ ರೋಲರ್ ಡ್ರೈವರ್ ಸೈಫುದ್ದೀನ, ಚಾದರದ ಕೆಳಗೆ ಎಡಗಾಲು ಮೊಣಕಾಲಿಗೇ ಮುಗಿದಿದೆ. ಗೇರಿಲ್ಲ, ಕ್ಲಚ್ಚಿಲ್ಲ, ಮತ್ತ ಹೆಂಗ ಓಡತೈತ್ರಿ ಅಯ್ಯಾರ, ಇವನೇ ಕೇಳಿದ್ದ, ಬಬಲೇಶ್ವರದ ಚಹಾದಂಗಡಿಯಲ್ಲಿ — ಎಣ್ಣಿನ ಓಡಸತೈತಿ ಲೇ, ಇಂಜಿನ್ ಪಂಪ್ ತಿರುವತೈತಿ, ಪಂಪ್ ಎಣ್ಣಿ ದಬ್ಬತೈತಿ, ಎಣ್ಣಿ ಹೋಗಿ ಗಾಲಿ ಮೋಟರ್ ತಿರುವತೈತಿ, ಲಿವರ್ ನಡುವ ತಂದಿ ಅಂದ್ರ ಎಣ್ಣಿ ಅಲ್ಲೇ ಗಟ್ಟಿ ನಿಲ್ಲತೈತಿ, ಗಾಲಿ ಹಂದಾಡೂದಿಲ್ಲ, ಬ್ರೇಕ್ ಯಾಕ ಬೇಕು — ಎಂಥ ಜಂಬ ತನ್ನದು, ಇವನು ನಂಬಿದ, ನಂಬಿಯೇ ಟಿಕೋಟಾ ರಸ್ತೆಯ ಇಳಿಜಾರಿನಲ್ಲಿ ಲಿವರ್ ನಡುವಿಗೆ ತಂದು, ಇಳಿದು, ಮುಂಗಾಲಿಯ ಡ್ರಮ್ಮಿಗೆ ಮೆತ್ತಿದ ಮಣ್ಣು ಕೆರೆಯಲು ಮುಂದೆ ಹೋದ, ಗಾಡಿ ತಾನೇ ಉರುಳಿ ಕಾಲ ಮೇಲೆ ಬಂತು.

ಕೆಟ್ಟ ರೋಲರ್ ಎಳೆದು ತರುವಾಗ ಪಂಪಿನ ಬೈಪಾಸ್ ಬೋಲ್ಟು ಸಡಿಲಿಸಬೇಕು, ಎಣ್ಣೆ ಅಡ್ಡದಾರಿಯಲ್ಲಿ ಸುತ್ತಿದರೆ ಮಾತ್ರ ಗಾಲಿ ಉರುಳುತ್ತದೆ, ಬೋಲ್ಟು ಪೂರ್ತಿ ಬಿಗಿಯುವತನಕ ಪಾನಾ ಅದರ ತಲೆಯ ಮೇಲೇ ಇರಬೇಕು, ಇದು ಗುರುಪಾದಯ್ಯನದೇ ನೇಮ, ಪಾನಾ ಕಂಡರೆ ಕೆಲಸ ಬಾಕಿ, ಇಪ್ಪತ್ತು ವರ್ಷ ತಪ್ಪಿಲ್ಲ — ಅಂದು ಅಮಾವಾಸ್ಯೆ, ಅಥಣಿ ರಸ್ತೆಯ ಶೆಡ್ಡಿನಲ್ಲಿ ಬಿಗಿಯುತ್ತಿದ್ದಾಗಲೇ ಮಾಲಕ ಪ್ರಲ್ಹಾದ ಹೂವು ಕಾಯಿ ಹಿಡಿದು ಬಂದ, ಪೂಜಿ ಆಗೂತನಾ ಅದನ್ನ ತಗೀರಿ ಅಯ್ಯಾರ, ಗಾಡಿ ಮ್ಯಾಲ ಪಾನಾ ಜೋತಾಡಿದ್ರ ಚಲೋ ಕಾಣೂದಿಲ್ಲ, ಗುರುಪಾದಯ್ಯ ತೆಗೆದು ಕಿಸೆಗೆ ಹಾಕಿಕೊಂಡ, ಅರಿಶಿನ, ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಪೇಢೆ ತಿಂದ, ಸೈಫುದ್ದೀನನೂ ತಿಂದ, ನಗುತ್ತ ಹತ್ತಿ ಗಾಡಿ ಬಿಟ್ಟ, ಸಪಾಟು ನೆಲದಲ್ಲಿ ಚೆನ್ನಾಗಿಯೇ ಹೋಯಿತು, ಪಾನಾ ಕಿಸೆಯಲ್ಲೇ, ಬೋಲ್ಟು ಒಂದೂವರೆ ಸುತ್ತು ಬಾಕಿ, ಇಳಿಜಾರಿನಲ್ಲಿ ಎಣ್ಣೆ ಅಡ್ಡದಾರಿ ಹಿಡಿಯಲು ಅಷ್ಟು ಸಾಕು. ಚಾ ಆರತೈತ್ರಿ, ಲೋಟ ಕೊಡುತ್ತಾಳೆ ಸೈಫುದ್ದೀನನ ಹೆಂಡತಿ ಅಬೇದಾ, ಗಾಡೀದೇನ ತಪ್ಪಿಲ್ಲಂತ್ರಿ ಅಯ್ಯಾರ, ಲಿವರ್ ಇವರ ಪೂರಾ ನಡುವ ತಂದಿಲ್ಲಂತ, ಅದನ್ನ ಹೇಳಿ ಅಳತಾರ — ಹೇಳಬೇಕು, ಈಗಲೇ, ಅಲ್ಲವ್ವಾ ಅನ್ನಬೇಕು, ಬಾಯಿ ತೆರೆದ, ಅಷ್ಟರಲ್ಲಿ ಸೈಫುದ್ದೀನ ಕಣ್ಣು ಬಿಟ್ಟ, ನಿಮ್ಮ ಕೆಲಸಕ್ಕ ಹೆಸರ ಕೆಡಿಸಿದ್ನಿರಿ, ತಪ್ಪ ನಂದು, ಅವನ ಕೈ ಚಾದರದ ಮೇಲೆ ತಡಕಾಡಿ ಗುರುಪಾದಯ್ಯನ ಕೈ ಹಿಡಿಯಿತು, ಬಿಡುತ್ತಿಲ್ಲ, ಹೇಳದಿದ್ದರೆ ಇವನು ಸಾಯುವತನಕ ತನ್ನನ್ನೇ ಬೈದುಕೊಳ್ಳುತ್ತಾನೆ, ಹೇಳಿದರೆ, ಹೇಳಿದರೆ ಈ ಕೈ — ತೊಡೆಗೆ ಒತ್ತುತ್ತಿದೆ, ಕಿಸೆಯಲ್ಲಿ, ಬೋಲ್ಟಿನ ಮೇಲಿರಬೇಕಾದದ್ದು, ಪಾನಾ, ಅರಿಶಿನ ಹತ್ತಿದ ಪಾನಾ, ಪಾನಾ