ಹನ್ನೆರಡು ಬೋಲ್ಟು

ಎಂಟನೆಯ ಬೋಲ್ಟು ತೂತಿಗೆ ಕೂರುತ್ತಿರಲಿಲ್ಲ. ಅವಳು ಟ್ರಾಕ್ಟರಿನ ಬಲಮಗ್ಗುಲಲ್ಲಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ಒಂದು ಕೈಯಲ್ಲಿ ಕಬ್ಬಿಣದ ಬ್ರಾಕೆಟ್ಟನ್ನು ಮೇಲಕ್ಕೆ ದಬ್ಬುತ್ತ, ಇನ್ನೊಂದು ಕೈಯ ಬೆರಳುಗಳಿಂದ ಬೋಲ್ಟನ್ನು ತಿರುಗಿಸಲು ನೋಡುತ್ತಿದ್ದಳು. ಅದು ಒಂದು ಸುತ್ತು ತಿರುಗುವುದು, ಹಟ ಹಿಡಿದು ನಿಂತುಬಿಡುವುದು. ಬೆವರು ಕಿವಿಯೊಳಕ್ಕೆ ಇಳಿಯುತ್ತಿತ್ತು.

"ಎಡಕ್ಕೆ ತಳ್ಳು," ಎಂದ ಸ್ಟೂಲಿನ ಮೇಲೆ ಕೂತಿದ್ದ ಗಂಡ.

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ಟ್ರಾಕ್ಟರಿನ ಎಡಕ್ಕೆ."

"ಅದರ ಎಡ ಯಾವುದು ಅಂತ ಅದನ್ನೇ ಕೇಳಿ ಹೇಳಿ."

ಅವನು ನಕ್ಕ. ನಕ್ಕದ್ದಕ್ಕೆ ಸೊಂಟದಲ್ಲಿ ಛಳುಕು ಹೊಡೆದು, ನೋವಿಗೆ ಕಟ್ಟಿದ್ದ ಬೆಲ್ಟಿನ ಮೇಲೆ ಕೈ ಒತ್ತಿಕೊಂಡ. ಕೆಳಗೆ ಮಲಗಿದ್ದ ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ, ಚಪ್ಪಲಿ ಮಾತ್ರ ಕಾಣುತ್ತಿತ್ತು. ಕಾಲ್ಬೆರಳುಗಳು ಬಿಗಿದುಕೊಂಡದ್ದು ನೋಡಿಯೇ ನೋವು ಎಷ್ಟೆಂದು ಗೊತ್ತಾಯಿತು. ನಾಲ್ಕು ತಿಂಗಳಲ್ಲಿ ಅಷ್ಟು ಪಾಠವಾಗಿತ್ತು.

ನಾಲ್ಕು ತಿಂಗಳ ಹಿಂದೆ ಗೊಬ್ಬರದ ಚೀಲವೊಂದನ್ನು ಎತ್ತಿಕೊಂಡು ತಿರುಗುವಾಗ ಅವನ ಸೊಂಟದಲ್ಲಿ ಏನೋ ಜಾರಿತ್ತು. ನೀರು ತುಂಬಿದ ಕೊಡವನ್ನೂ ಎತ್ತಬೇಡಿ, ಚೀಲದ ಮಾತಂತೂ ಬಿಟ್ಟೇಬಿಡಿ ಎಂದಿದ್ದರು ಡಾಕ್ಟರು. ಇಪ್ಪತ್ತು ವರ್ಷ ನರ್ಸರಿಯಲ್ಲಿ ಸಸಿಗಳ ನಡುವೆ ಓಡಾಡಿದ ಮನುಷ್ಯ ಕಿಟಕಿಯ ಪಕ್ಕ ಕೂತ. ಮೊದಲು ನೀರು ಹಾಕುವವರ ಮೇಲೆ ರೇಗಿದ, ಆಮೇಲೆ ರೇಗುವುದನ್ನೂ ಬಿಟ್ಟ. ಒಂದು ದಿನ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅವನು ಅತ್ತದ್ದು ಅವಳಿಗೆ ಕೇಳಿಸಿತ್ತು. ಅದರ ಮುಂದಿನ ವಾರ ಊಟದ ನಡುವೆ, ಉಪ್ಪು ಕೊಡು ಎನ್ನುವಷ್ಟು ಸಲೀಸಾಗಿ, "ನರ್ಸರಿ ಮಾರಿಬಿಡೋಣ" ಎಂದಿದ್ದ. ನರ್ಸರಿ ಹೋದರೆ ಹೋಗಲಿ, ಈ ಮನುಷ್ಯ ಆ ಕಿಟಕಿಯ ಪಕ್ಕದಲ್ಲೇ ಉಳಿದುಬಿಟ್ಟರೆ ಏನು ಗತಿ ಎಂದು ಅವಳ ಚಿಂತೆ.

ಅದಕ್ಕೇ ಈ ಲೋಡರು. ಮನೆಯಲ್ಲಿದ್ದ ಚಿಕ್ಕ ಟ್ರಾಕ್ಟರಿನ ಮುಂದಕ್ಕೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಬಕೆಟ್ಟು. ಆ ಭಾರವನ್ನೆಲ್ಲ ಹೊರುವುದು ಟ್ರಾಕ್ಟರಿನ ಎರಡು ಮಗ್ಗುಲಿಗೂ ಆರಾರು ಬೋಲ್ಟಿನಲ್ಲಿ ಬಿಗಿದ ಬ್ರಾಕೆಟ್ಟು. ಸೀಟಿನಲ್ಲಿ ಕೂತು ಲಿವರ್ ಎಳೆದರೆ ಆರೇಳು ಚೀಲದಷ್ಟು ಗೊಬ್ಬರ ತಾನಾಗಿ ಮೇಲೇಳುತ್ತದೆ. ಪೆಟ್ಟಿಗೆಯೇನೋ ಹೇಳಿದ ದಿನಕ್ಕೆ ಬಂದು ಇಳಿಯಿತು, ಜೋಡಿಸಿಕೊಡುವ ಮೆಕ್ಯಾನಿಕ್ಕು ಮಾತ್ರ ಮೂರು ವಾರ ಬಿಟ್ಟು ಬರುತ್ತೇನೆಂದ. ಆ ಮೂರು ವಾರ ಎಷ್ಟು ಉದ್ದವೆಂಬುದನ್ನು ಗಂಡನ ಮುಖದಲ್ಲಿ ಕಂಡವಳೇ, "ನಾನೇ ಜೋಡಿಸ್ತೀನಿ" ಎಂದುಬಿಟ್ಟಳು.

"ಫ್ಯಾನ್ ಜೋಡಿಸಿದವಳು ಟ್ರಾಕ್ಟರ್ ಜೋಡಿಸ್ತಾಳಂತೆ," ಎಂದರು ಅತ್ತೆ. "ಬೇಸಿಗೇಲಿ ಗಾಳಿಗಾದ್ರೂ ಆಗುತ್ತೆ ಬಿಡು."

ಅವಳು ಮದುವೆಗೆ ಮುಂಚೆ ಹನ್ನೊಂದು ವರ್ಷ ಫ್ಯಾನ್ ಕಾರ್ಖಾನೆಯಲ್ಲಿ ಜೋಡಣೆಯ ಸಾಲಿನಲ್ಲಿ ನಿಂತವಳು. ಅಲ್ಲೊಂದು ಕಟ್ಟುನಿಟ್ಟು ಇತ್ತು. ಅಳತೆಯ ಪಾನದಲ್ಲಿ, ಎಂದರೆ ಬಿಗಿ ಅಳೆಯುವ ಸ್ಪ್ಯಾನರಿನಲ್ಲಿ, ಬೋಲ್ಟನ್ನು ಬಿಗಿ ಮಾಡಬೇಕು, ಸಾಕಷ್ಟು ಬಿಗಿಯಾದಾಗ ಪಾನ ಟಕ್ ಎನ್ನುತ್ತದೆ, ಟಕ್ ಅಂದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕು. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಹಳದಿ ಬಿದ್ದ ಬೋಲ್ಟನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ಬಿಗಿ ಮಾಡದೆ ಯಾರೂ ಹಳದಿ ಹಚ್ಚುವಂತಿಲ್ಲ. ಮೊದಲು ಗೆರೆ ಎಳೆದು ಆಮೇಲೆ ಬಿಗಿ ಮಾಡಿದ ಹುಡುಗಿಯೊಬ್ಬಳನ್ನು ಮೇಲ್ವಿಚಾರಕ ಮೂರು ದಿನ ಮನೆಗೆ ಕಳಿಸಿದ್ದ. ಅಂಥದೇ ಪಾನ ಈಗ ಬಾಡಿಗೆಗೆ ಸಿಕ್ಕಿತು, ಹಳದಿ ಬಣ್ಣದ ಪುಟ್ಟ ಡಬ್ಬಿಯನ್ನು ಅವಳೇ ಕೇಳಿ ತಂದಳು. ಗಂಡನಿಗೆ ಅದು ಯಾತಕ್ಕೆ ಎಂದು ಹೇಳಬೇಕೆಂದು ಹೊಳೆಯಲೂ ಇಲ್ಲ. ಅವಳ ಪಾಲಿಗೆ ಅದು ಹೇಳಿಕೊಡುವಂಥ ವಿಷಯವೇ ಆಗಿರಲಿಲ್ಲ.

ಎಂಟನೆಯದು ಕೊನೆಗೂ ಕೂತಿತು. ಉಳಿದ ನಾಲ್ಕಕ್ಕೆ ಅಷ್ಟು ಕಾಟವಿರಲಿಲ್ಲ. ಹನ್ನೆರಡನ್ನೂ ಕೈಯಲ್ಲಿ ಹಿಡಿಸಿ, ಪಾನ ತೆಗೆದುಕೊಂಡು ಎಡಗಡೆಯ ಆರನ್ನು ಬಿಗಿ ಮಾಡಿ ಗೆರೆ ಎಳೆದಳು. ಬಲಗಡೆಗೆ ಬಂದು ಎರಡು ಮುಗಿಸುವಷ್ಟರಲ್ಲಿ ಗೇಟಿನ ಹತ್ತಿರ ವ್ಯಾನು ಹಾರ್ನ್ ಮಾಡಿತು. ಶಾಲೆಯೊಂದರ ಮಾಲಿ ಬೇಲಿಗೆ ಹಚ್ಚುವ ಇನ್ನೂರು ಸಸಿಗೆ ಬಂದಿದ್ದ. ಒಂದೊಂದು ಸಸಿಯನ್ನೂ ಹೆಣ್ಣು ನೋಡುವ ಹಾಗೆ ತಿರುಗಿಸಿ ನೋಡಿ ಆರಿಸುವ ಆಸಾಮಿ. ಅವನನ್ನು ಸಾಗಹಾಕುವಷ್ಟರಲ್ಲಿ ಒಂದೂವರೆ ಗಂಟೆಯಾಗಿ, ಬಿಸಿಲು ಇಳಿದಿತ್ತು.

ವಾಪಸು ಬಂದಾಗ ಗಂಡ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ.

"ನೀನು ಬರೋವರೆಗೆ ನಾನೂ ಸುಮ್ನೆ ಕೂತಿರಲಿಲ್ಲ ಕಣೆ," ಎಂದ.

ಸುತ್ತಲಿನ ರಟ್ಟಿನ ಚೂರುಗಳನ್ನು ಒಂದು ಕಡೆ ಕೂಡಿಟ್ಟದ್ದು ಕಾಣಿಸಿತು. ಅದೇ ಇರಬೇಕೆಂದು ಅವಳು ತಲೆಯಾಡಿಸಿದಳು. ಬಗ್ಗಿ ಬಲಗಡೆಯ ಬ್ರಾಕೆಟ್ಟು ನೋಡಿದಳು. ಕೆಲವು ಬಾಕಿ ಇದ್ದ ಹಾಗಿತ್ತಲ್ಲ ಎಂದುಕೊಂಡಳು. ಮಸುಕು ಬೆಳಕಿನಲ್ಲಿ ಆರರ ತಲೆಯ ಮೇಲೂ ಹಳದಿ ಇತ್ತು. ಹಳದಿ ಇದ್ದ ಮೇಲೆ ಮುಗಿಯಿತು, ಮಾಲಿಯ ಗಲಾಟೆಯಲ್ಲಿ ತನಗೇ ಮರೆತುಹೋಗಿದೆ. ಹನ್ನೊಂದು ವರ್ಷದ ಅಭ್ಯಾಸದ ಮುಂದೆ ಅರ್ಧ ದಿನದ ನೆನಪು ಸೋತಿತು. ಅವಳು ತೋಳನ್ನು ಎತ್ತುವ ಎಣ್ಣೆಯ ಪೈಪುಗಳನ್ನು ಕೈಗೆತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಟ್ರಾಕ್ಟರು ಮುಂದಕ್ಕೆ ಮುಗ್ಗರಿಸದಿರಲೆಂದು ಹಿಂದೆ ಕಾಂಕ್ರೀಟು ತುಂಬಿದ ಪೀಪಾಯಿ ಕಟ್ಟಿದ್ದಾಯಿತು. ಖಾಲಿ ಬಕೆಟ್ಟನ್ನು ಇಪ್ಪತ್ತು ಸಲ ಎತ್ತಿ ಇಳಿಸಿದ್ದಾಯಿತು. ಪೈಪಿನ ಒಂದೊಂದು ಕೀಲಿನ ಕೆಳಗೂ ಅವಳು ರಟ್ಟು ಹಿಡಿದು ನೋಡಿದಳು, ಒಂದು ತೊಟ್ಟು ಎಣ್ಣೆ ಸೋರಲಿಲ್ಲ. ಗಂಡ ಸೊಂಟದ ಬೆಲ್ಟು ಬಿಗಿದುಕೊಂಡು, ಒಗೆದಿಟ್ಟ ಅಂಗಿ ಹಾಕಿಕೊಂಡು ಬಂದು ಸೀಟು ಹತ್ತಿದ.

"ಯಾರದೋ ಮದುವೆಗೆ ಹೊರಟ ಹಾಗಿದೆ," ಎಂದರು ಅತ್ತೆ. ಪೊರಕೆ ಹಿಡಿದುಕೊಂಡು, ಗೊಬ್ಬರ ತುಂಬಲು ಬಿಚ್ಚಿ ನಿಲ್ಲಿಸಿದ್ದ ಟ್ರೇಲರಿನ ಪಕ್ಕ ನಿಂತಿದ್ದರು, ಬಿದ್ದ ಗೊಬ್ಬರ ಗುಡಿಸುವುದಕ್ಕೆ.

ಬಕೆಟ್ಟು ಗೊಬ್ಬರದ ಗುಡ್ಡೆಯೊಳಕ್ಕೆ ನುಗ್ಗಿತು, ತುಂಬಿಕೊಂಡು ಮೇಲೆದ್ದಿತು, ಟ್ರೇಲರಿನ ಅಂಚು ದಾಟಿ ಸುರಿಯಿತು. ಅವನು ಇನ್ನೊಂದು ಸಲ ತುಂಬಿದ. ಎರಡನೆಯ ಸಲಕ್ಕೆ ಬಾಯಿಬಿಟ್ಟು ನಕ್ಕೇಬಿಟ್ಟ. ಆ ನಗುವನ್ನು ಅವಳು ನಾಲ್ಕು ತಿಂಗಳಿನಿಂದ ನೋಡಿರಲಿಲ್ಲ. ಅವಳಿಗೆ ಅಳು ಬಂದ ಹಾಗಾಗಿ ಮುಖ ಆ ಕಡೆ ತಿರುಗಿಸಿದಳು.

ಮೂರನೆಯ ಸಲ ತುಂಬಿದ ಬಕೆಟ್ಟನ್ನು ತಲೆಗಿಂತ ಎತ್ತರಕ್ಕೆ ಎತ್ತಿಕೊಂಡು ಅವನು ಅವಳ ಎದುರಿನಿಂದಲೇ ಹಾದು ಟ್ರೇಲರಿನ ಮುಂದೆ ನಿಂತ. ಬಿಸಿಲು ಟ್ರಾಕ್ಟರಿನ ಬಲಮಗ್ಗುಲಿಗೆ ನೇರ ಬಿತ್ತು. ಬ್ರಾಕೆಟ್ಟಿನ ಮೇಲೆ ಎರಡು ಬೋಲ್ಟುಗಳಿಗೆ ಗೆರೆ ಇತ್ತು. ಉಳಿದ ನಾಲ್ಕಕ್ಕೆ ಗೆರೆ ಇರಲಿಲ್ಲ. ತಲೆಯ ತುಂಬ ಗುಂಡಗೆ, ನೀಟಾಗಿ, ಅಂಚಿಗೆ ಒಂಚೂರೂ ಚೆಲ್ಲದ ಹಾಗೆ ಹಳದಿ ಬಳಿದಿತ್ತು. ಅವಳು ಅಂಥ ಗುರುತನ್ನು ಜನ್ಮದಲ್ಲಿ ಹಾಕಿರಲಿಲ್ಲ.

ನೋಡುತ್ತಿದ್ದ ಹಾಗೇ ಬ್ರಾಕೆಟ್ಟು ಟ್ರಾಕ್ಟರಿನ ಮೈ ಬಿಟ್ಟು ಉಗುರಿನ ದಪ್ಪದಷ್ಟು ಈಚೆ ಬಂತು, ಮತ್ತೆ ಒಳಗೆ ಹೋಯಿತು.

ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಕೂಗಿದರೆ ಅವನು ಬೆಚ್ಚಿ ಕ್ಲಚ್ಚು ಬಿಟ್ಟುಬಿಡುತ್ತಾನೆ, ಇಲ್ಲವೇ ಲಿವರನ್ನು ಒಮ್ಮೆಲೇ ದಬ್ಬುತ್ತಾನೆ. ಅಷ್ಟೆತ್ತರದಲ್ಲಿ ಅಷ್ಟು ಭಾರ ಒಂದು ಸಲ ಜಗ್ಗಿದರೆ ಸಾಕು. ಬಕೆಟ್ಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅತ್ತೆ ಬಗ್ಗಿ ಗುಡಿಸುತ್ತಿದ್ದರು.

"ಅತ್ತೆ," ಎಂದಳು ಆದಷ್ಟು ಸಹಜವಾಗಿ, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

"ಅಯ್ಯೋ ನಿನ್ನ. ಈಗ ಹೇಳ್ತೀಯಾ?" ಅತ್ತೆ ಪೊರಕೆ ಬಿಸಾಕಿ ಅಡುಗೆಮನೆಯ ಕಡೆ ಓಡಿದರು. ಎಪ್ಪತ್ತು ದಾಟಿದ ಮೇಲೆ ಅವರು ಅಷ್ಟು ಜೋರಾಗಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನು ಗಂಡ. ಅವಳು ಅಂಗೈಯನ್ನು ನೆಲದ ಕಡೆ ಮಾಡಿ ಮೆಲ್ಲಗೆ ಇಳಿಸುವಂತೆ ಸನ್ನೆ ಮಾಡಿದಳು. ಅವನು ಹುಬ್ಬು ಹಾರಿಸಿ, ಕೆಲಸ ತೋರಿಸುವವನಂತೆ ಬಕೆಟ್ಟನ್ನು ಇನ್ನೂ ಒಂದು ಗೇಣು ಮೇಲಕ್ಕೆತ್ತಿದ. ಬ್ರಾಕೆಟ್ಟು ಕಿರ್ ಎಂದಿತು. ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ, ಅವಳಿಗೆ ಹಲ್ಲಿನಲ್ಲಿ ಕೇಳಿಸಿತು. ಸೆರಗಿನ ಗಂಟಿನಿಂದ ಫೋನು ತೆಗೆದು, ಪಕ್ಕಕ್ಕೆ ಸರಿದು ಅವನಿಗೆ ಕಾಣುವ ಹಾಗೆ ನಿಂತಳು. ಹೇಗೋ ಮುಖಕ್ಕೆ ನಗು ತಂದುಕೊಂಡಳು.

"ಒಂದು ಫೋಟೋ ತೆಗೀತೀನಿ. ಬಕೆಟ್ ಅಡ್ಡ ಬರ್ತಿದೆ, ಮುಖಾನೇ ಕಾಣ್ತಿಲ್ಲ. ನಿಧಾನಕ್ಕೆ ಇಳಿಸಿ."

"ಈಗ್ಲೇನಾ?"

"ಈಗ್ಲೇ. ಬಿಸಿಲು ಚೆನ್ನಾಗಿದೆ. ನಿಧಾನ, ನಿಧಾನ."

ಅವನು ಒಂದು ಕೈಯಲ್ಲಿ ತಲೆಗೂದಲು ಸರಿಮಾಡಿಕೊಂಡು ಇನ್ನೊಂದು ಕೈಯಲ್ಲಿ ಲಿವರನ್ನು ಮೆಲ್ಲಗೆ ಒತ್ತಿದ. ಬಕೆಟ್ಟು ಇಳಿಯತೊಡಗಿತು. ಎದೆಯ ಮಟ್ಟ, ಸೊಂಟದ ಮಟ್ಟ, ಮೊಣಕಾಲು. ನೆಲಕ್ಕೆ ತಾಗಿತು. ಅವಳು ಫೋನಿನ ಗುಂಡಿ ಒತ್ತಿದಳು.

"ಆಫ್ ಮಾಡಿ. ಇಳೀರಿ," ಎಂದಳು.

ಅವಳು ಮಂಡಿಯೂರಿ ಬಲಗಡೆಯ ಆ ನಾಲ್ಕರಲ್ಲಿ ಒಂದು ಬೋಲ್ಟಿಗೆ ಕೈ ಹಾಕಿದಳು. ಬಾಟಲಿಯ ಮುಚ್ಚಳದ ಹಾಗೆ ಎರಡೇ ಬೆರಳಿಗೆ ತಿರುಗಿತು. ಇನ್ನೊಂದು ಅರ್ಧ ಹೊರಗೆ ಬಂದಿತ್ತು. ಅವನು ಸೊಂಟ ಹಿಡಿದುಕೊಂಡು ಇಳಿದು ಬರುವಷ್ಟರಲ್ಲಿ ಪಾನ ತಂದು, ಅವನಿಗೆ ಬೆನ್ನು ಹಾಕಿ ಕೂತು, ಬಿಗಿ ಮಾಡಲು ಶುರುಮಾಡಿದ್ದಳು. ಮೊದಲನೆಯದು ನಾಲ್ಕು ಸುತ್ತು ತಿರುಗಿ ಟಕ್ ಎಂದಿತು.

"ಏನಾಯ್ತು?"

"ಏನಿಲ್ಲ. ಮೊದಲನೇ ಸಲ ಓಡಿಸಿದ ಮೇಲೆ ಒಂದ್ಸಲ ಬಿಗಿ ಮಾಡಬೇಕು. ಪುಸ್ತಕದಲ್ಲಿದೆ."

ಅದು ಸುಳ್ಳಲ್ಲ, ಪುಸ್ತಕದಲ್ಲಿ ಇತ್ತು. ಅವನು ನಿನ್ನೆ ಅಂಚು ಕೆಡದ ಹಾಗೆ ಬಣ್ಣ ಬಳಿಯುತ್ತ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ನಾಲ್ಕು ತಿಂಗಳಲ್ಲಿ ಅವನು ಮಾಡಿದ ಒಂದೇ ಒಂದು ಕೆಲಸ. ಅದರಿಂದಲೇ ಹೀಗಾಯಿತೆಂದು ಅವನಿಗೆ ಹೇಗೆ ಹೇಳುವುದು? ಎರಡನೆಯದು ಐದು ಸುತ್ತು ತಿರುಗಿತು. ಮೂರನೆಯದು ಮೂರು. ನಾಲ್ಕನೆಯದು ಮುಗಿಯುವಾಗ ಅತ್ತೆ ಏದುಸಿರು ಬಿಡುತ್ತ ವಾಪಸು ಬಂದರು.

"ಒಲೇನೇ ಹಚ್ಚಿಲ್ಲ, ಹಾಲು ಎಲ್ಲಿಂದ ಉಕ್ಕುತ್ತೆ? ವಯಸ್ಸಾದವಳನ್ನ ಸುಮ್ಸುಮ್ನೆ ಓಡಿಸಿದೆಯಲ್ಲೇ."

"ಇಟ್ಟಿದೀನಿ ಅಂದ್ಕೊಂಡೆ ಅತ್ತೆ."

ಗಂಡ ತಾಯಿಯನ್ನು ನೋಡಿದ, ತಾಯಿ ಬಿಸಾಕಿ ಹೋಗಿದ್ದ ಪೊರಕೆಯನ್ನು ನೋಡಿದ, ಅದರ ಎದುರಿಗೆ ನೆಲಕ್ಕಿಳಿದಿದ್ದ ಬಕೆಟ್ಟನ್ನು ನೋಡಿದ.

"ಎಡಗಡೇವು?" ಎಂದು ಕೇಳಿದ. "ಆ ಕಡೆ ಆರಿದಾವಲ್ಲ. ಪುಸ್ತಕದಲ್ಲಿ ಈ ಕಡೇವು ಮಾತ್ರ ಬರೆದಿದೆಯಾ?"

ಅವಳು ಎದ್ದು ಆ ಕಡೆಗೆ ಹೋದಳು. ಪಾನವನ್ನು ಮೊದಲನೆಯ ಬೋಲ್ಟಿಗೆ ಸಿಕ್ಕಿಸಿ ಅದುಮಿದಳು. ಬೋಲ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ಟಕ್. ಎರಡನೆಯದು, ಟಕ್. ಆರೂ ಹಾಗೇ, ಒಂದರ ಹಿಂದೊಂದು, ತಡವಿಲ್ಲದೆ. ಈ ಕಡೆಯವು ಸಡಿಲವೇ ಆಗಿರಲಿಲ್ಲವೆಂದು ಸಾರುವ ಆ ಸದ್ದು ಅವನಿಗೆ ಕೇಳಿಸದಿರಲಿ ಎಂದು ಅವಳು ಬೇಡಿಕೊಂಡಳು. ಎಂಜಿನ್ ಆಫ್ ಆಗಿತ್ತು, ಅಂಗಳ ನಿಶ್ಶಬ್ದವಾಗಿತ್ತು.

ಈ ಕಡೆಗೆ ಬಂದಾಗ ಅವನು ಟಯರಿನ ಮೇಲೆ ಒಂದು ಕೈ ಊರಿಕೊಂಡು, ಗೆರೆ ಇದ್ದ ಎರಡನ್ನೂ ಗುಂಡಗಿದ್ದ ನಾಲ್ಕನ್ನೂ ನೋಡುತ್ತಿದ್ದ. ಇನ್ನೊಂದು ಕೈಯಲ್ಲಿ, ತೋರುಬೆರಳಿನ ಉಗುರಿನ ಸಂದಿಯಲ್ಲಿ ಉಳಿದಿದ್ದ ಹಳದಿಯನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದ.

"ತುಕ್ಕು ಹಿಡಿಯದೆ ಇರಲಿ ಅಂತ..." ಎಂದ.

"ನಾನು ಹೇಳಿರಲಿಲ್ಲ. ಯಾತಕ್ಕೆ ಅಂತ ನಾನು ಹೇಳಬೇಕಿತ್ತು."

"ಅಮ್ಮ ಅಲ್ಲೇ ನಿಂತಿದ್ಲು."

"ಏನೂ ಆಗಲಿಲ್ಲವಲ್ಲ."

"ಅಲ್ಲೇ ನಿಂತಿದ್ಲು ಕಣೆ."

ಅತ್ತೆ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಅವನು ಮನೆಯ ಕಡೆಗೆ, ಕಿಟಕಿಯ ಕಡೆಗೆ ತಿರುಗಿದ. ಒಂದು ಹೆಜ್ಜೆ ಇಟ್ಟೂ ಬಿಟ್ಟ. ಅವಳು ಓಡಿಹೋಗಿ ಅವನ ಮೊಣಕೈ ಹಿಡಿದಳು. ಅವಳ ಕೈಗೆ ಗ್ರೀಸು ಮೆತ್ತಿಕೊಂಡಿತ್ತು, ಒಗೆದ ಅಂಗಿಗೆ ಕರಿ ಬಿತ್ತು.

"ಹತ್ತಿ," ಎಂದಳು. "ಇನ್ನೂ ಅರ್ಧ ಗುಡ್ಡೆ ಇದೆ."

"ಬೇಡ. ನನ್ನ ಕೈಲಿ ಆಗಲ್ಲ."

"ಈಗ ಒಳಗೆ ಹೋದ್ರೆ ನೀವು ಮತ್ತೆ ಹತ್ತಲ್ಲ. ನಂಗೊತ್ತು. ಹತ್ತಿ, ನಾನು ಪಕ್ಕದಲ್ಲೇ ಇರ್ತೀನಿ."

ಅವನು ಬಹಳ ಹೊತ್ತು ಅವಳ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಮೆಟ್ಟಿಲಿನ ಮೇಲೆ ಕಾಲಿಟ್ಟು, ಸೊಂಟ ಹಿಡಿದು, ಎರಡು ಸಲ ಪ್ರಯತ್ನಪಟ್ಟು ಸೀಟಿನಲ್ಲಿ ಕೂತ. ಎಂಜಿನ್ ಶುರುವಾಯಿತು. ತುಂಬಿದ್ದ ಗೊಬ್ಬರವನ್ನು ಅಲ್ಲೇ ಸುರಿದು ಬಕೆಟ್ಟು ನೆಲದಿಂದ ಒಂದು ಗೇಣು ಎದ್ದಿತು, ಅದಕ್ಕಿಂತ ಮೇಲೆ ಏಳಲಿಲ್ಲ. ಟ್ರಾಕ್ಟರು ಮನುಷ್ಯ ನಡೆಯುವ ವೇಗದಲ್ಲಿ ಗುಡ್ಡೆಯ ಕಡೆಗೆ ಹೊರಟಿತು. ಬಲಗಡೆಯ ಮುಂದಿನ ಚಕ್ರದ ಪಕ್ಕದಲ್ಲಿ ಬೋಲ್ಟುಗಳ ಮೇಲೆ ಕಣ್ಣಿಟ್ಟುಕೊಂಡು ಅವಳು ನಡೆದಳು. ಅವನು ಮುಂದಿನ ದಾರಿಯನ್ನು ಒಂದು ಸಲ ನೋಡಿದರೆ ಅವಳನ್ನು ಎರಡು ಸಲ ನೋಡುತ್ತಿದ್ದ.